ಮೊದಲ ಶುಕ್ರವಾರದ ಪೂಜೆಗೆ ಮಗಳು ಹೋಗಲೇಬೇಕಾ? – ಪ್ರತಿಕ್ರಿಯೆ
ಕ್ರೈಸ್ತರಲ್ಲದ ನಿಮ್ಮ ಮಗಳನ್ನೂ ಕಾನ್ವೆಂಟ್ ಶಾಲೆಯವರು ತಿಂಗಳ ಮೊದಲ ಶುಕ್ರವಾರ ಚರ್ಚಿನ ಪೂಜೆಗೆ (ಮಾಸ್) ಕರೆದೊಯ್ಯುತ್ತಾರೆ, ಅವಳು ಹೋಗಲೇಬೇಕಾ ಅಂತ ಕೇಳಿದ್ದೀರಿ. ಬಹುಶಃ ಇದು ಒತ್ತಾಯ ಅಲ್ಲ. ಎಲ್ಲರೂ ಚರ್ಚಿಗೆ ಹೋದಾಗ ಉಳಿದ ಮಕ್ಕಳನ್ನು ನೋಡಿಕೊಳ್ಳಲು ಟೀಚರ್ ಇರುವುದಿಲ್ಲ, ಅಷ್ಟೇ. ಮಂಗಳೂರಿನ ಕಾನ್ವೆಂಟುಗಳಲ್ಲಿ ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ ಇರುವಾಗ ಬೇರೆಯವರಿಗೆ ಮೌಲ್ಯ ಶಿಕ್ಷಣ ಇಡುವ ರೂಢಿ ಇದೆಯಲ್ವಾ, ಹಾಗೇ ಇದಕ್ಕೂ ದಾರಿ ಸಿಗಬಹುದು.

ಮೊದಲು ಮಗಳನ್ನೇ ಕೇಳಿ. ಗೆಳತಿಯರ ಜೊತೆ ಕೂರಲು ಅವಳಿಗೆ ಇಷ್ಟವೇ ಇರಬಹುದು! ಬೇಡ ಅಂದರೆ ಕ್ಲಾಸ್ ಟೀಚರಿಗೆ ಡೈರಿಯಲ್ಲಿ ಬರೆಯಿರಿ, ಆ ಹೊತ್ತಿಗೆ ಲೈಬ್ರರಿಯಲ್ಲಿ ಕೂರಿಸಿ ಅಂತ ನೀವೇ ಸೂಚಿಸಿ. ಆಗಲೂ ಆಗದಿದ್ದರೆ ಹೆಡ್‌ಮಿಸ್ಟ್ರೆಸ್‌ಗೆ ಪತ್ರ ಕೊಡಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಚಿಕ್ಕ ಮಕ್ಕಳನ್ನು ಪೂಜೆಗೆ ಬರಲೇಬೇಕು ಎನ್ನುವಂತಿಲ್ಲ, ಸಂವಿಧಾನದ 28(3)ನೇ ವಿಧಿ. ಒಂದು ಸಾಲಲ್ಲಿ ಬರೆದರೆ ಸಾಕು, ಸುಮ್ನೆ ಜಗಳದ ಧಾಟಿ ಬೇಡ. ಸಹಿ ಹಾಕಿದ ಒಂದು ಪ್ರತಿ ಇಟ್ಟುಕೊಳ್ಳಿ.