ಅಜ್ಜಿಯ ಮಾತು ‘ಕಮಾಂಡ್’ ಆಗುವುದೇ?

ಸುರಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ತಾವು ಎರಡು ಸಂಗತಿಗಳನ್ನು ಬರೆದು ಕಳಿಸಿದ್ದೀರಿ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ‘ಮೈ ಗ್ರ್ಯಾಂಡ್‌ಮದರ್ ಕಮಾಂಡ್ಸ್ ಮಿ ಟು ಈಟ್’ ಎಂದು ಬರೆದಳು. ತಾವು ‘ಕಮಾಂಡ್ಸ್’ ಅಳಿಸಿ ‘ಆರ್ಡರ್ಸ್’ ಎಂದು ತಿದ್ದಿದಿರಿ. ನಿಘಂಟಿನಲ್ಲಿ ಎರಡಕ್ಕೂ ‘ಆಜ್ಞೆ ಮಾಡು’ ಎಂದೇ ಇದೆಯಲ್ಲ, ನನ್ನ ತಪ್ಪೇನು ಎಂದು ಅವಳು ಕೇಳಿದಾಗ ತಮಗೆ ಉತ್ತರ ಹೊಳೆಯಲಿಲ್ಲ. ಎರಡನೆಯದಾಗಿ, ಕಚೇರಿಯೊಂದಕ್ಕೆ ತಾವು ‘ಯು ಸೆಂಡ್ ದ ಬುಕ್ಸ್ ಟುಡೇ ಇಟ್‌ಸೆಲ್ಫ್’ ಎಂದು ಬರೆದದ್ದಕ್ಕೆ ‘ನಮಗೇ ಹುಕುಂ ಮಾಡ್ತೀರೇನು?’ ಎಂಬ ಮಾತು ಕೇಳಬೇಕಾಯಿತು. ಎರಡರ ಬೇರೂ ಒಂದೇ ಎಂದು ನನಗೆ ತೋರುವುದರಿಂದ ಕೂಡಿಸಿಯೇ ಉತ್ತರಿಸುತ್ತೇನೆ.

ಹುಡುಗಿಯ ಪ್ರಶ್ನೆ ಸರಿಯಾಗಿದೆ. ತಪ್ಪು ಅವಳದಲ್ಲ, ಹಲವು ಇಂಗ್ಲಿಷ್ ಪದಗಳನ್ನು ಒಂದೇ ಕನ್ನಡ ಪದದಲ್ಲಿ ತುಂಬಿಟ್ಟ ನಿಘಂಟಿನದು. ಹೇಳುವವನಿಗೆ ಆ ಹಕ್ಕು ಎಲ್ಲಿಂದ ಬಂತು, ಕೇಳುವವನಿಗೆ ‘ಒಲ್ಲೆ’ ಎನ್ನಲು ಎಷ್ಟು ಜಾಗ ಉಳಿದಿದೆ ಎಂಬುದರ ಮೇಲೆ ಈ ಪದಗಳು ಬೇರೆಬೇರೆಯಾಗುತ್ತವೆ. ‘ಕಮಾಂಡ್’ ಎನ್ನುವಾಗ ಹಕ್ಕು ಪದವಿಯದು. ಸೇನೆಯಲ್ಲಿ, ಪೊಲೀಸ್ ಪರೇಡಿನಲ್ಲಿ, ರಾಜನ ಆಸ್ಥಾನದಲ್ಲಿ ಅದಕ್ಕೆ ಮರುಮಾತಿಲ್ಲ. ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ವಕೀಲರು ದಿನನಿತ್ಯ ಹೇಳುವ ‘ಮ್ಯಾಂಡಮಸ್’ ರಿಟ್ (ನಿನ್ನ ಕರ್ತವ್ಯ ಮಾಡು ಎಂದು ಅಧಿಕಾರಿಗೆ ಕೋರ್ಟು ಕೊಡುವ ಆಜ್ಞೆ) ಕೂಡ ಇದೇ ಬೇರಿನದು. ಲ್ಯಾಟಿನ್ನಿನಲ್ಲಿ ಅದರರ್ಥ ‘ನಾವು ಆಜ್ಞಾಪಿಸುತ್ತೇವೆ’. ‘ಆರ್ಡರ್’ ಅಷ್ಟು ಎತ್ತರದಲ್ಲಿ ನಿಂತದ್ದಲ್ಲ. ಲ್ಯಾಟಿನ್ನಿನಲ್ಲಿ ‘ಸಾಲು’ ಎಂಬರ್ಥದ ಪದದಿಂದ ಬಂದ ಅದು ನ್ಯಾಯಾಧೀಶನ ಬಾಯಲ್ಲೂ ಇದೆ, ಖಾನಾವಳಿಯಲ್ಲಿ ರೊಟ್ಟಿ ಊಟ ಕೇಳುವ ಗಿರಾಕಿಯ ಬಾಯಲ್ಲೂ ಇದೆ. ‘ಇನ್‌ಸ್ಟ್ರಕ್ಟ್’ ಮಾಡುವವನು ಏನು ಮಾಡಬೇಕೆಂಬುದರ ಜೊತೆಗೆ ಹೇಗೆ ಮಾಡಬೇಕೆಂಬುದನ್ನೂ ತಿಳಿಸುವುದರಿಂದ ಆ ಪದ ಕಲಿಸುವುದಕ್ಕೂ ಸಲ್ಲುತ್ತದೆ. ‘ಡೈರೆಕ್ಟ್’ ಎಂದರೆ ದಿಕ್ಕು ತೋರಿಸುವುದು. ನಮ್ಮ ‘ನಿರ್ದೇಶನ’ವೂ ಹಾಗೆಯೇ. ಆದೇಶ, ನಿರ್ದೇಶ, ಉಪದೇಶ, ಸಂದೇಶ ಎಲ್ಲವೂ ‘ತೋರಿಸು’ ಎಂಬರ್ಥದ ‘ದಿಶ್’ ಧಾತುವಿನಿಂದ ಹುಟ್ಟಿದವು ಎಂಬುದನ್ನು ಮಕ್ಕಳಿಗೆ ಹೇಳಿ ನೋಡಿ, ಆದೇಶಸಂಧಿಯ ಪಾಠದಲ್ಲಿ ಅವರಿಗೆ ಹೊಸ ಆಸಕ್ತಿ ಮೂಡೀತು.

ಅಜ್ಜಿಯ ಮಾತಿಗೆ ಇವು ಯಾವುವೂ ಒಪ್ಪುವುದಿಲ್ಲ. ‘ಉಣ್ಣು ಬಾ ಯವ್ವಾ’ ಎಂದು ಕರೆಯುವ ಮುದುಕಿಯ ಹಕ್ಕು ಪದವಿಯದೂ ಅಲ್ಲ, ಕೊಟ್ಟ ಹಣದ್ದೂ ಅಲ್ಲ. ಅಲ್ಲಿ ಇಂಗ್ಲಿಷಿನವರು ‘ಟೆಲ್ಸ್ ಮಿ ಟು ಈಟ್’ ಎನ್ನುತ್ತಾರೆ. ಮೊಮ್ಮಗಳು ಒಲ್ಲೆ ಎಂದರೂ ಅಜ್ಜಿ ಬಿಡದಿದ್ದರೆ ‘ಇನ್‌ಸಿಸ್ಟ್ಸ್’ ಎನ್ನುತ್ತಾರೆ. ಆದ್ದರಿಂದ ತಮ್ಮ ತಿದ್ದುಪಡಿಯನ್ನೂ ತಿದ್ದಬೇಕಾಗುತ್ತದೆ ಎಂದು ವಿನಯದಿಂದ ಹೇಳುತ್ತೇನೆ.

ಈ ಪದಗಳಲ್ಲಿ ಹಲವು ‘ಕೈ’ ಹಿಡಿದುಕೊಂಡೇ ಬಂದಿವೆ ಎಂಬುದು ನನ್ನನ್ನು ಬಹುಕಾಲದಿಂದ ಕಾಡಿದ ಸಂಗತಿ. ಲ್ಯಾಟಿನ್ನಿನ ‘ಮಾನುಸ್’ ಎಂದರೆ ಕೈ. ಕೈಗೆ ಒಪ್ಪಿಸುವುದರಿಂದ ‘ಕಮಾಂಡ್’ ಮತ್ತು ‘ಮ್ಯಾಂಡೇಟ್’ ಬಂದವೆಂದು ಹೇಳುತ್ತಾರೆ. ಕುದುರೆಯನ್ನು ಕೈಯಲ್ಲಿ ಹಿಡಿದು ಪಳಗಿಸುವ ಇಟಲಿಯ ಮಾತಿನಿಂದ ‘ಮ್ಯಾನೇಜ್’ ಬಂತು. ನಮ್ಮಲ್ಲಿಯೂ ನೌಕರ ‘ಕೈಕೆಳಗೆ’ ಇರುತ್ತಾನೆ, ಸೋತವನು ‘ಕೈಗೊಂಬೆ’ಯಾಗುತ್ತಾನೆ. ನಾವು ನಿತ್ಯ ಬಳಸುವ ‘ಜಬರ್ದಸ್ತಿ’ ಪಾರಸಿಯಿಂದ ಬಂದದ್ದು. ‘ಜಬರ್’ ಎಂದರೆ ಮೇಲೆ, ‘ದಸ್ತ್’ ಎಂದರೆ ಕೈ, ಅಂದರೆ ಅಚ್ಚಗನ್ನಡದ ‘ಮೇಲುಗೈ’.

ಪಾರಸಿಯ ಮಾತು ಬಂದದ್ದು ಆಕಸ್ಮಿಕವಲ್ಲ. ಆಳುವವರ ಮಾತೇ ಆಜ್ಞೆಯ ಮಾತಾಗುತ್ತದೆ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಮಾತು ಫ್ರೆಂಚ್ ಆಯಿತು. ಆರ್ಡರ್, ಕಮಾಂಡ್, ಗವರ್ನ್, ರೂಲ್, ಕೊನೆಗೆ ತಲೆಬಾಗುವ ‘ಒಬೇ’ ಕೂಡ ಆ ದಾರಿಯಿಂದಲೇ ಬಂದವು. ಹಳೆಯ ಇಂಗ್ಲಿಷಿನ ‘ಬಿಡ್’ ಈ ಅರ್ಥದಲ್ಲಿ ಮೂಲೆ ಸೇರಿತು. ನಮ್ಮ ಸೀಮೆಯ ಕಥೆಯೂ ಇದಕ್ಕೆ ದೂರವಲ್ಲ. 1347ರಲ್ಲಿ ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು, ಮುಂದೆ ಆ ಪಟ್ಟ ಬೀದರಿಗೆ ಹೋಯಿತು. 1948ರವರೆಗೆ ನಿಜಾಮರ ಕಚೇರಿಗಳು ಉರ್ದುವಿನಲ್ಲಿ ನಡೆದವು. ಹುಕುಂ, ಫರ್ಮಾನು, ತಾಕೀತು, ಜಪ್ತಿ ನಮಗೆ ಹೊರಗಿನ ಪದಗಳೆಂದು ಅನ್ನಿಸುವುದೇ ಇಲ್ಲ. ಅಪ್ಪಣೆಯಿಲ್ಲದೆ ಉತ್ತ ಸರ್ಕಾರಿ ನೆಲವನ್ನು ಇಂದಿಗೂ ‘ಬಗರ್ ಹುಕುಂ’ ಎನ್ನುತ್ತೇವೆ. ತಮ್ಮ ಕಾಗದ ಓದಿದ ಅಧಿಕಾರಿಯ ಬಾಯಿಗೆ ‘ಆಜ್ಞೆ’ ಬರದೆ ‘ಹುಕುಂ’ ಬಂದದ್ದು ಸಹಜವೇ ಆಗಿದೆ.

‘ಕಂಟ್ರೋಲ್’ ಬಗ್ಗೆ ತಾವು ಕೇಳಿಲ್ಲವಾದರೂ ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಇಂದು ಹಿಡಿತ, ನಿಯಂತ್ರಣ ಎಂಬ ಅರ್ಥ ಕೊಡುವ ಆ ಪದದ ಮೂಲ ಒಂದು ಲೆಕ್ಕದ ಸುರುಳಿ: ಲೆಕ್ಕ ಬರೆದವನನ್ನು ಪರೀಕ್ಷಿಸಲು ಅದಕ್ಕೆ ಎದುರಾಗಿ ಇಡುತ್ತಿದ್ದ ಇನ್ನೊಂದು ಪ್ರತಿ. ನಮ್ಮ ಹಳ್ಳಿಗಳಲ್ಲಿ ಪಡಿತರದ ಅಂಗಡಿಗೆ ‘ಕಂಟ್ರೋಲ್ ಅಂಗಡಿ’ ಎನ್ನುವ, ರೇಷನ್ ಕಾರ್ಡಿನ ಅಂಕಿಯನ್ನೂ ಅಂಗಡಿಯ ಪುಸ್ತಕದ ಅಂಕಿಯನ್ನೂ ತಾಳೆ ನೋಡುವ ತಾಯಂದಿರು ಆ ಪದವನ್ನು ಅದರ ಹುಟ್ಟಿನ ಅರ್ಥಕ್ಕೆ ಬಲು ಹತ್ತಿರದಲ್ಲಿ ಬಳಸುತ್ತಾರೆ.

ತರಗತಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇನ್ನೊಂದು ಕಡೆ ಇದೆ. ಕನ್ನಡದಲ್ಲಿ ‘-ಇಸು’ ಹಚ್ಚಿದರೆ ಸಾಕು, ಮಾಡು ಎಂಬುದು ಮಾಡಿಸು ಆಗುತ್ತದೆ, ಉಣ್ಣು ಎಂಬುದು ಉಣ್ಣಿಸು ಆಗುತ್ತದೆ. ಗದರಿಸಿ ಮಾಡಿಸಿದರೋ ಒಲಿಸಿ ಮಾಡಿಸಿದರೋ ಎಂಬುದು ಆ ಪ್ರತ್ಯಯದಲ್ಲಿ ಕಾಣುವುದಿಲ್ಲ. ಇಂಗ್ಲಿಷ್ ಇದನ್ನು ಮೂರು ಮಾಡುತ್ತದೆ. ಒಲ್ಲದವನಿಂದ ಬಲವಂತವಾಗಿ ಮಾಡಿಸಿದರೆ ‘ಮೇಕ್’, ಯಾರ ಕೆಲಸವೋ ಅವರಿಂದಲೇ ಮಾಡಿಸಿದರೆ ‘ಹ್ಯಾವ್’, ಪುಸಲಾಯಿಸಿ ಒಪ್ಪಿಸಿದರೆ ‘ಗೆಟ್’. ಹೊಲದಲ್ಲಿ ತೊಗರಿ ರಾಶಿ ಮಾಡಿಸಿದೆ ಎಂದು ರೈತ ಹೇಳಿದರೆ ಅದು ‘ಹ್ಯಾವ್’; ಹೋಮ್‌ವರ್ಕ್ ಮಾಡಿಸದೆ ಬಿಡದ ಮೇಷ್ಟ್ರದು ‘ಮೇಕ್’; ಜ್ವರದ ಮಗುವಿಗೆ ಕಥೆ ಹೇಳುತ್ತಾ ಗಂಜಿ ಕುಡಿಸಿದ ತಾಯಿಯದು ‘ಗೆಟ್’. ತಮ್ಮ ವಿದ್ಯಾರ್ಥಿನಿಯ ಅಜ್ಜಿ ಮೂರರಲ್ಲಿ ಯಾವುದಕ್ಕೆ ಸೇರುತ್ತಾಳೆಂದು ಅವಳೇ ಹೇಳಬೇಕು.

‘ಬಾಸ್’ ಡಚ್ಚರ ಮಾತು, ಅಮೆರಿಕದ ಮೂಲಕ ಲೋಕಕ್ಕೆ ಹರಡಿತು. ‘ಡಾಮಿನೇಟ್’ ಮನೆಯೊಡೆಯನನ್ನು ನೆನಪಿಸುವ ಲ್ಯಾಟಿನ್ ಪದ. ಇವು ಮಕ್ಕಳಿಗೆ ತಾವಾಗಿಯೇ ತಿಳಿಯುತ್ತವೆ. ‘ಬಾಸಿ’ ಎಂಬ ಗುಣವಾಚಕದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಗುಂಪನ್ನು ಮುನ್ನಡೆಸುವ ಹುಡುಗನಿಗೆ ‘ಲೀಡರ್’ ಎಂದವರೇ ಹುಡುಗಿಗೆ ‘ಬಾಸಿ’ ಎನ್ನುತ್ತಾರೆಂದು 2014ರಲ್ಲಿ ಅಮೆರಿಕದಲ್ಲಿ ಆ ಪದದ ವಿರುದ್ಧ ಅಭಿಯಾನವೇ ನಡೆಯಿತು. ನಮ್ಮಲ್ಲಿ ‘ಬಜಾರಿ’, ‘ಗಂಡುಬೀರಿ’ ಎಂಬ ಮಾತುಗಳು ಮಾಡುತ್ತಿರುವ ಗಾಯ ಅದಕ್ಕಿಂತ ಆಳವಾದದ್ದು ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ತಮ್ಮ ಕಾಗದ. ತಾವು ಮನಸ್ಸಿನಲ್ಲಿ ಅಂದುಕೊಂಡದ್ದು ‘ಇವತ್ತೇ ಪುಸ್ತಕ ಕಳಸ್ರಿ’ ಎಂದು. ಆ ವಾಕ್ಯದ ಮರ್ಯಾದೆಯೆಲ್ಲ ಕೊನೆಯ ‘ರಿ’ಯಲ್ಲಿದೆ, ಬರ್ರಿ, ಕೂಡ್ರಿ, ಉಣ್ರಿ ಎನ್ನುವ ನಮಗೆ ಬೇರೆ ವಿನಯದ ಮಾತು ಬೇಕಾಗುವುದೇ ಇಲ್ಲ. ಇಂಗ್ಲಿಷ್ ಕ್ರಿಯಾಪದಕ್ಕೆ ಅಂಥ ಬಾಲವಿಲ್ಲ. ‘ಸೆಂಡ್’ ಎಂಬುದು ಹಿರಿಯರಿಗೂ ಕಿರಿಯರಿಗೂ ಒಂದೇ ಆದ್ದರಿಂದ ಅವರು ಆಜ್ಞೆಯನ್ನು ಪ್ರಶ್ನೆಯಾಗಿ ತಿರುಗಿಸಿ ಮರ್ಯಾದೆ ತೋರಿಸುತ್ತಾರೆ. ತಮ್ಮ ‘ರಿ’ ದಾರಿಯಲ್ಲಿ ಕಳೆದುಹೋಯಿತು, ಮೊದಲಿಗೆ ಬಂದು ನಿಂತ ‘ಯು’ ಬೆರಳು ತೋರಿಸಿದಂತಾಯಿತು, ‘ಇವತ್ತೇ’ ಎಂಬಲ್ಲಿ ‘ಏ’ ಕೊಡುವ ಒತ್ತು ‘ಇಟ್‌ಸೆಲ್ಫ್’ ಆಗಿ ಇನ್ನಷ್ಟು ಗಡುಸಾಯಿತು. ತಮ್ಮಲ್ಲಿ ಅಹಂಕಾರವಿರಲಿಲ್ಲ, ಅಧಿಕಾರಿ ಸುಮ್ಮನೆ ಕಾಲು ಕೆರೆದು ಜಗಳಕ್ಕೆ ಬಂದದ್ದೂ ಅಲ್ಲ.

‘ಕುಡ್ ಯು ಪ್ಲೀಸ್ ಸೆಂಡ್ ದ ಬುಕ್ಸ್ ಬೈ ಫ್ರೈಡೇ? ದ ಚಿಲ್ಡ್ರನ್ ಹ್ಯಾವ್ ನೋ ಕಾಪೀಸ್’ ಎಂದು ಮತ್ತೊಮ್ಮೆ ಬರೆಯಿರಿ. ಅವಸರವನ್ನು ಕ್ರಿಯಾಪದದ ಮೇಲೆ ಹೊರಿಸದೆ, ಮಕ್ಕಳ ಕೈ ಬರಿದಾಗಿದೆ ಎಂಬ ಕಾರಣದ ಮೇಲೆ ಇಟ್ಟಿದ್ದೇನೆ. ಪುಸ್ತಕ ಬಂದವೋ ಇಲ್ಲವೋ ಎಂಬುದನ್ನು ದಯವಿಟ್ಟು ನಮಗೂ ತಿಳಿಸಿ. ಆ ಹುಡುಗಿಗೆ ಕಳೆದ ಅರ್ಧ ಅಂಕವನ್ನು ಮರಳಿ ಕೊಡಿ.

— ಸಂಪಾದಕರು, ಕಲಬುರಗಿ