ಆರ್ಕಿಟೆಕ್ಚರ್ ಓದುವವರಿಗೆ ಡಚ್ ಚಿತ್ರಕಾರ ಮಾಂಡ್ರಿಯಾನ್ ಅವರ ಚಿತ್ರಗಳನ್ನು ಯಾಕೆ ತೋರಿಸುತ್ತಾರೆ?

ಕಟ್ಟಡ ಅಂದರೆ ನಾಲ್ಕು ಗೋಡೆಯ ಮುಚ್ಚಿದ ಪೆಟ್ಟಿಗೆ ಅಂತ ನಮ್ಮ ಕಣ್ಣಿಗೆ ರೂಢಿಯಾಗಿರುತ್ತದೆ. ಆ ರೂಢಿ ಬಿಡಿಸೋಕೆ ತೋರಿಸುತ್ತಾರೆ. ಸುಮ್ನೆ ಕೆಂಪು, ನೀಲಿ, ಹಳದಿ ಬಳಸುವುದನ್ನು ಕಲಿಸೋಕಲ್ಲ.

ಮಾಂಡ್ರಿಯಾನ್ 1920ರ ದಶಕದಲ್ಲಿ ಬರೆದ ಚಿತ್ರಗಳನ್ನು ನೋಡಿ. ಎಷ್ಟೋ ಚಿತ್ರಗಳಲ್ಲಿ ಬಣ್ಣದ ಚೌಕಗಳು ಅಂಚಿಗೆ ಸರಿದಿರುತ್ತವೆ, ಕಪ್ಪು ಗೆರೆಗಳು ಕ್ಯಾನ್ವಾಸಿನ ತುದಿವರೆಗೂ ಓಡುತ್ತವೆ. ಹಾಗಾಗಿ ಚಿತ್ರ ಅಲ್ಲಿಗೇ ಮುಗಿಯಿತು ಅನ್ನಿಸುವುದಿಲ್ಲ, ಆಚೆಗೂ ಹಬ್ಬಿದೆ ಅನ್ನಿಸುತ್ತದೆ. ಎಡಕ್ಕಿರುವುದು ಬಲಕ್ಕಿಲ್ಲ, ಆದರೂ ತೂಕ ತಪ್ಪಿಲ್ಲ.

ಅವರಿದ್ದ ಡಚ್ ಕಲಾವಿದರ ಗುಂಪಿನ ಹೆಸರು ಡಿ ಸ್ಟೈಲ್. 1917ರಲ್ಲಿ ಶುರುವಾದ ಅವರ ಪತ್ರಿಕೆಗೂ ಅದೇ ಹೆಸರು. ಇದೇ ಗುಂಪಿನ ವಾಸ್ತುಶಿಲ್ಪಿ ಗೆರಿಟ್ ರೀಟ್‌ಫೆಲ್ಡ್ 1924ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ನಗರದಲ್ಲಿ ಟ್ರೂಸ್ ಶ್ರೋಡರ್ ಎಂಬ ಮಹಿಳೆಗಾಗಿ, ಅವರ ಜೊತೆಗೇ ಕೂತು ಯೋಚಿಸಿ, ಒಂದು ಮನೆ ಕಟ್ಟಿದರು. ಅಲ್ಲಿ ಗೋಡೆ, ಬಾಲ್ಕನಿ, ಚಾವಣಿ ಎಲ್ಲ ಬಿಡಿ ಹಲಗೆಗಳು ಒಂದರ ಪಕ್ಕ ಒಂದು ಜಾರಿದ ಹಾಗೆ ಕಾಣುತ್ತವೆ. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಮಹಡಿಯ ಮೂಲೆ ಕಿಟಕಿ. ಎರಡೂ ಕಡೆ ತೆರೆದರೆ ನಡುವೆ ಕಂಬವೇ ಇಲ್ಲ. ಮೂಲೆಯೇ ಮಾಯ!

ರೀಟ್‌ಫೆಲ್ಡ್ ಮಾಡಿದ ಕೆಂಪು-ನೀಲಿ ಕುರ್ಚಿಯನ್ನೂ ಹತ್ತಿರದಿಂದ ನೋಡಿ. ಕಪ್ಪು ಮರದ ಪಟ್ಟಿಗಳು ಒಂದನ್ನೊಂದು ಸೇರುವಲ್ಲಿ ನಿಲ್ಲದೆ ಸ್ವಲ್ಪ ಮುಂದಕ್ಕೆ ಚಾಚಿವೆ. ಕೊಯ್ದ ತುದಿಗಳಿಗೆ ಮಾತ್ರ ಹಳದಿ ಬಳಿದಿದ್ದಾರೆ. ಕ್ಯಾನ್ವಾಸಿನಲ್ಲಿ ಗೆರೆ ಮಾಡಿದ ಕೆಲಸವನ್ನೇ ಇಲ್ಲಿ ಮರದ ಪಟ್ಟಿ ಮಾಡುತ್ತಿದೆ, ಅಲ್ವಾ?