ಹಳೇ ಕಾರ್ಡ್ ಖಾಲಿ ಕಾಣಿಸಿದರೆ ಫಾರ್ಮ್ಯಾಟ್ ಒತ್ತಬೇಡಿ

ಪ್ರಶ್ನೆ: ನನ್ನ ಆಂಡ್ರಾಯ್ಡ್ ಫೋನಿನ ಸ್ಟೋರೇಜ್ ಬರೀ 16 ಜಿಬಿ. ಅದಕ್ಕೆ ಹಾಕಿದ್ದ 32 ಜಿಬಿ ಮೆಮೊರಿ ಕಾರ್ಡೂ ತುಂಬಿತು ಅಂತ 128 ಜಿಬಿಯದ್ದು ತಂದೆ. ಹಳೇದನ್ನು ಕಾರ್ಡ್ ರೀಡರಿಗೆ ಹಾಕಿ ಎಲ್ಲ ಕಾಪಿ ಮಾಡೋಣ ಅಂದರೆ ಕಂಪ್ಯೂಟರ್ ಏನನ್ನೂ ತೋರಿಸುತ್ತಿಲ್ಲ, ಫಾರ್ಮ್ಯಾಟ್ ಮಾಡಬೇಕಾ ಅಂತ ಕೇಳುತ್ತಿದೆ. ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೊ ಎಲ್ಲ ಅದರಲ್ಲೇ ಇವೆ. ಹೋಗಿಬಿಟ್ಟವಾ?
- ಓದುಗರೊಬ್ಬರು, ಶಿರಸಿ

ಉತ್ತರ: ಹೋಗಿರಲಿಕ್ಕಿಲ್ಲ, ಗಾಬರಿ ಬೇಡ. ಫಾರ್ಮ್ಯಾಟ್ ಮಾತ್ರ ಒತ್ತಬೇಡಿ. ಕಾರ್ಡನ್ನು ಮೊದಲು ಅದೇ ಫೋನಿಗೆ ವಾಪಸ್ ಹಾಕಿ, ಫೋಟೊ ಕಾಣಿಸಬೇಕು.

ಆಗಿದ್ದು ಇಷ್ಟು. ಕಾರ್ಡ್ ಹೊಸದಾಗಿ ಹಾಕಿದಾಗ ಫೋನ್ ಒಂದು ಪ್ರಶ್ನೆ ಕೇಳಿರುತ್ತದೆ, ಪೋರ್ಟಬಲ್ ಸ್ಟೋರೇಜಾ (ತೆಗೆದು ಬೇರೆಡೆಯೂ ಓದುವಂಥದ್ದು) ಇಂಟರ್ನಲ್ ಸ್ಟೋರೇಜಾ (ಫೋನಿನದೇ ಭಾಗವಾಗುವಂಥದ್ದು) ಅಂತ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಈ ಸೌಲಭ್ಯ ಇದೆ. ನೀವು ಇಂಟರ್ನಲ್ ಅಂದಿರಬೇಕು. ಆಗ ಫೋನ್ ಆ ಕಾರ್ಡಿಗೆ ಬೀಗ ಹಾಕಿ ಕೀಲಿಯನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ, ಹಾಗಾಗಿ ಬೇರೆ ಯಾವುದರಲ್ಲೂ ಅದು ತೆರೆಯುವುದಿಲ್ಲ. ಈಗ ಫೋನನ್ನು ಫ್ಯಾಕ್ಟರಿ ರಿಸೆಟ್ ಮಾಡಿದರೆ (ಅಂದರೆ ಎಲ್ಲ ಅಳಿಸಿ ಹೊಸದರಂತೆ ಮಾಡಿದರೆ) ಆ ಕೀಲಿಯೂ ಹೋಗುತ್ತದೆ, ಆಮೇಲೆ ಫೋಟೊ ಸಿಗುವುದಿಲ್ಲ. ದಯವಿಟ್ಟು ಆ ಕಡೆ ಹೋಗಲೇಬೇಡಿ.

ಕಾರ್ಡ್ ಒಳಗಿರುವಾಗಲೇ ಫೋನನ್ನು ಕೇಬಲ್‌ನಿಂದ ಕಂಪ್ಯೂಟರಿಗೆ ಸೇರಿಸಿ, ಫೈಲ್ ಟ್ರಾನ್ಸ್‌ಫರ್ ಆರಿಸಿ. ಡಿಸಿಐಎಂ (ಕ್ಯಾಮೆರಾದ ಫೋಟೊ ಇರುವುದು ಇದರಲ್ಲಿ), ಪಿಕ್ಚರ್ಸ್, ಡೌನ್‌ಲೋಡ್, ವಾಟ್ಸಾಪ್ ಫೋಲ್ಡರುಗಳನ್ನು ಕಾಪಿ ಮಾಡಿಕೊಳ್ಳಿ. ಸುಮ್ನೆ ಲೆಕ್ಕ ನೋಡಿ ಬಿಡಬೇಡಿ, ಹಳೇದು ಹೊಸದು ಅಂತ ಹತ್ತಿಪ್ಪತ್ತು ಫೋಟೊ ಕಂಪ್ಯೂಟರಿನಲ್ಲೇ ತೆರೆದು ನೋಡಿ. ಸರಿಯಿದ್ದರೆ ಮಾತ್ರ ಫೋನಿನಿಂದ ಅಳಿಸಿ, ಯಾಕೆಂದರೆ 16 ಜಿಬಿಯೊಳಗೆ ಅಷ್ಟೆಲ್ಲ ಹಿಡಿಸುವುದಿಲ್ಲ ಅಲ್ವಾ. ನಂತರ ಸೆಟ್ಟಿಂಗ್ಸ್‌ನಲ್ಲಿ ಒಂದೊಂದೇ ಆ್ಯಪ್ ತೆರೆದು, ಸ್ಟೋರೇಜ್‌ಗೆ ಹೋಗಿ ಫೋನಿಗೆ ಬದಲಿಸಿ. ಹಿಡಿಸದಿದ್ದರೆ ಬಳಸದ ಆ್ಯಪ್‌ಗಳನ್ನು ತೆಗೆಯಿರಿ, ಆಮೇಲೆ ಮತ್ತೆ ಹಾಕಿಕೊಳ್ಳಬಹುದು. ಉಳಿದ ಡೇಟಾವನ್ನೂ ಸ್ಟೋರೇಜ್ ಮೆನುವಿನ ಮೈಗ್ರೇಟ್ ಆಯ್ಕೆಯಿಂದ ಫೋನಿಗೆ ತಂದು, ಕಾರ್ಡನ್ನು ಇಜೆಕ್ಟ್ ಮಾಡಿ ತೆಗೆಯಿರಿ.

ಹೊಸ ಕಾರ್ಡನ್ನು ಫೋನಿಗೆ ಹಾಕುವ ಮುಂಚೆ ಪರೀಕ್ಷೆ ಮಾಡಿ. 128 ಅಂತ ಬರೆದು ಒಳಗೆ 8 ಜಿಬಿ ಇರುವ ನಕಲಿಗಳು ಮಾರುಕಟ್ಟೆಯಲ್ಲಿವೆ, ಇವು ತುಂಬಿದ ಮೇಲೂ ಕಾಪಿ ಆಯ್ತು ಅಂತಲೇ ತೋರಿಸುತ್ತವೆ. ವಿಂಡೋಸ್‌ಗೆ ಎಚ್‌2ಟೆಸ್ಟ್‌ಡಬ್ಲ್ಯೂ ಅಂತ ಉಚಿತ ತಂತ್ರಾಂಶ ಇದೆ. ಕಾರ್ಡ್ ಪೂರ್ತಿ ಬರೆದು, ಮತ್ತೆ ಓದಿ ನೋಡುತ್ತದೆ. ಗಂಟೆಗಟ್ಟಲೆ ಹಿಡಿಯಬಹುದು, ಆದರೂ ಮಾಡಿ.

ಈ ಸಲ ಇಂಟರ್ನಲ್ಲಾ ಪೋರ್ಟಬಲ್ಲಾ? ಆ್ಯಪ್‌ಗಳು ಫೋನಿನಲ್ಲೇ ಹಿಡಿಸಿದರೆ ಪೋರ್ಟಬಲ್ ಇಡಿ, ನಾನಾದರೆ ಹಾಗೇ ಮಾಡುತ್ತೇನೆ. ಫೋನ್ ಕೆಟ್ಟರೂ ಕಾರ್ಡ್ ತೆಗೆದು ಎಲ್ಲಿ ಬೇಕಾದರೂ ಓದಬಹುದು. ಹಿಡಿಸಲೇ ಇಲ್ಲ ಅಂದರೆ ಇಂಟರ್ನಲ್ ಮಾಡಿ, ಆದರೆ ಕಾರ್ಡಿನ ಮೇಲೆ ಎ1 ಅಥವಾ ಎ2 ಗುರುತು ಇರಲಿ. ಎ1 ಅಂದರೆ ಸೆಕೆಂಡಿಗೆ ಕನಿಷ್ಠ 1500 ಸಲ ಅಲ್ಲಲ್ಲಿಂದ ಓದಿ, 500 ಸಲ ಬರೆಯುವಷ್ಟು ಶಕ್ತಿ. ಆ್ಯಪ್ ತೊದಲದೆ ನಡೆಯಲು ಬೇಕಾಗುವುದು ಇದು, ದೊಡ್ಡದಾಗಿ ಅಚ್ಚು ಹಾಕಿರುವ ಎಂಬಿ ವೇಗ ಅಲ್ಲ. ಕೆಲವು ಆ್ಯಪ್‌ಗಳಲ್ಲಿ ಬದಲಿಸುವ ಬಟನ್ ಇರುವುದೇ ಇಲ್ಲ, ಅವು ಕಾರ್ಡಿಗೆ ಹೋಗುವುದಿಲ್ಲ, ಬಿಟ್ಟುಬಿಡಿ.

ಮಗಳ ಫೋಟೊಗಳನ್ನು ಹೊಸ ಕಾರ್ಡಿಗೆ ಹಾಕಿದ ಮೇಲೂ ಕಂಪ್ಯೂಟರಿನಿಂದ ಅಳಿಸಬೇಡಿ.